ಇಂದ್ರನಿಗೆ ಯಾಕೆ ಗುಡಿಯಿಲ್ಲ?

ಇವತ್ತು ರಾಜಕೀಯ ಬೇಡ. ಅಂದರೆ, ಭೂಲೋಕದ ರಾಜಕೀಯ ಬೇಡ. ದೇವಲೋಕದ ಒಂದು ಪ್ರಶ್ನೆ ಎತ್ತಿಕೊಳ್ಳೋಣ.

ನಿಮ್ಮೂರಲ್ಲಿ ಈಶ್ವರನ ಗುಡಿ ಇದೆಯಾ? ಇದ್ದೇ ಇರುತ್ತೆ. ವೆಂಕಟರಮಣನ ಗುಡಿ? ಅದೂ ಇರುತ್ತೆ. ಊರ ಬಾಗಿಲಲ್ಲಿ ಆಂಜನೇಯ, ಊರ ಹೊರಗೆ ಮಾರಮ್ಮ, ಬಸ್ ಸ್ಟ್ಯಾಂಡ್ ಪಕ್ಕ ಗಣಪತಿ, ಹುತ್ತದ ಹತ್ತಿರ ನಾಗಪ್ಪ. ಸರಿ. ಈಗ ಹೇಳಿ, ಇಂದ್ರನ ಗುಡಿ ಎಲ್ಲಿದೆ?

ಸ್ವಲ್ಪ ಯೋಚನೆ ಮಾಡಿ. ಇಂದ್ರ ಅಂದರೆ ಸಾಮಾನ್ಯ ದೇವರಲ್ಲ, ದೇವತೆಗಳಿಗೇ ರಾಜ. ಏರೋಕೆ ಐರಾವತ, ಕೈಯಲ್ಲಿ ವಜ್ರಾಯುಧ, ರಾಜಧಾನಿ ಅಮರಾವತಿ, ಸಭೆಯಲ್ಲಿ ರಂಭೆ, ಊರ್ವಶಿ, ಮೇನಕೆ. ಮಹಾಭಾರತದ ಅರ್ಜುನ ಇವನ ಮಗ. ಯಕ್ಷಗಾನದಲ್ಲಿ ದೇವೇಂದ್ರನ ಒಡ್ಡೋಲಗ ಬಂದರೆ ರಂಗಸ್ಥಳವೇ ತುಂಬಿಹೋಗುತ್ತೆ. ಆದರೆ ಹರಕೆ ಹೊತ್ತುಕೊಂಡು, ಕಾಯಿ ಒಡೆಸೋಕೆ, ಮಗುವಿನ ಮುಡಿ ಕೊಡೋಕೆ ಯಾರಾದರೂ ಇಂದ್ರನ ಹತ್ತಿರ ಹೋಗಿದ್ದನ್ನ ನೋಡಿದ್ದೀರಾ? ಹೇಳಿಕೊಳ್ಳುವಂಥ ಒಂದು ಗುಡಿ, ಒಂದು ರಥೋತ್ಸವ, ಒಂದು ಊರಜಾತ್ರೆ ಅವನ ಹೆಸರಲ್ಲಿ ನಮ್ಮ ನಾಡಿನಲ್ಲಿ ಇಲ್ಲ.

ಇದು ತಮಾಷೆಯ ಪ್ರಶ್ನೆ ಅಲ್ಲ. ಇದರ ಬೆನ್ನು ಹತ್ತಿ ಹೋದರೆ ಹಿಂದೂ ಧರ್ಮದ ಮೂರು ಸಾವಿರ ವರ್ಷಕ್ಕೂ ಹೆಚ್ಚಿನ ಕಥೆ ಬಿಚ್ಚಿಕೊಳ್ಳುತ್ತೆ. ಟಿವಿ ಚರ್ಚೆಗಳಲ್ಲಿ ಎರಡು ಗುಂಪು ಕೂತು ಜಗಳ ಆಡೋದನ್ನ ನೀವು ದಿನಾ ನೋಡ್ತೀರಿ. ಒಬ್ಬರು 'ನಮ್ಮದು ಸನಾತನ, ಒಂದಕ್ಷರವೂ ಬದಲಾಗಿಲ್ಲ' ಅಂತಾರೆ. ಇನ್ನೊಬ್ಬರು 'ಇದೆಲ್ಲ ಮೊನ್ನೆ ಮೊನ್ನೆ ಕಟ್ಟಿದ ಕಥೆ, ಹಳೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ಲ' ಅಂತಾರೆ. ಈ ಇಬ್ಬರಿಗೂ ಇಂದ್ರನೊಬ್ಬನೇ ಸಾಕು ಉತ್ತರ ಕೊಡೋಕೆ.

ಎಂಜಿನಿಯರಿಂಗ್ ಓದಿದವನು ನಾನು. ಅಭಿಪ್ರಾಯ ಆಮೇಲೆ, ಮೊದಲು ಲೆಕ್ಕ ನೋಡೋಣ.

ಋಗ್ವೇದದಲ್ಲಿ ಹತ್ತು ಮಂಡಲ, 1028 ಸೂಕ್ತ. ಇದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಒಬ್ಬನಿಗೇ ಮೀಸಲು. ಅವನೇ ಇಂದ್ರ. ಎರಡನೇ ಸ್ಥಾನ ಅಗ್ನಿಗೆ, ಸುಮಾರು 200 ಸೂಕ್ತ. ಹಾಗಾದರೆ ನಾವು ಇವತ್ತು ದಿನಾ ಕೈಮುಗಿಯುವ ವಿಷ್ಣುವಿಗೆ? ಬೆರಳೆಣಿಕೆಯಷ್ಟು. ರುದ್ರನಿಗೆ? ಅವನಿಗೂ ಬೆರಳೆಣಿಕೆಯಷ್ಟೇ. ಅಲ್ಲಿ 'ಶಿವ' ಅನ್ನೋದು ಒಬ್ಬ ದೇವರ ಹೆಸರೇ ಅಲ್ಲ, 'ಮಂಗಳಕರ' ಅನ್ನೋ ವಿಶೇಷಣ. ಯಾವ ಕೆಲಸ ಶುರು ಮಾಡಿದರೂ ನಾವು ಮೊದಲ ಪೂಜೆ ಸಲ್ಲಿಸುವ ಆನೆಮೊಗದ ಗಣಪ? ಆ ರೂಪದಲ್ಲಿ ಅಲ್ಲಿ ಇಲ್ಲವೇ ಇಲ್ಲ. 'ಗಣಪತಿ' ಅನ್ನುವ ಶಬ್ದ ಬರುತ್ತೆ, ಆದರೆ ಆ ಸೂಕ್ತ ಇರೋದು ಬ್ರಹ್ಮಣಸ್ಪತಿಗೆ.

ಇನ್ನೂ ಒಂದು ಮಾತು. ಋಗ್ವೇದದಲ್ಲಿ ವಿಷ್ಣು ಮೂರು ಹೆಜ್ಜೆಯಲ್ಲಿ ಜಗತ್ತನ್ನು ಅಳೆಯುವವನು ಹೌದು, ಆದರೆ ಹಲವು ಕಡೆ ಅವನು ಕಾಣಿಸೋದು ಇಂದ್ರನ ಗೆಳೆಯನಾಗಿ, ಯುದ್ಧದಲ್ಲಿ ಜೊತೆ ನಿಲ್ಲುವವನಾಗಿ. ಮುಂದೆ ಪುರಾಣಗಳಲ್ಲಿ ಅವನು ಇಂದ್ರನ ತಮ್ಮನಾದ. ಇಂದ್ರನ ತಮ್ಮ ಅಂದರೆ ಉಪ-ಇಂದ್ರ, ಉಪೇಂದ್ರ. ಈ ಹೆಸರು ಕೇಳಿದರೆ ನಮಗೆ ಸಿನಿಮಾ ನೆನಪಾಗುತ್ತೆ. ಆದರೆ ಒಂದು ಕಾಲದ ದೇವಲೋಕದ ಶ್ರೇಣಿ ಆ ಹೆಸರಿನೊಳಗೆ ಹಾಗೇ ಉಳಿದುಕೊಂಡಿದೆ. ಅಣ್ಣ ಮೊದಲು, ತಮ್ಮ ಆಮೇಲೆ.

ಇಂದ್ರನ ಖ್ಯಾತಿ ಭಾರತದ ಗಡಿಯನ್ನೂ ದಾಟಿತ್ತು. 20ನೇ ಶತಮಾನದ ಆರಂಭದಲ್ಲಿ ಟರ್ಕಿ ದೇಶದ ಬೊಗಾಜ್‌ಕೊಯ್ ಎಂಬಲ್ಲಿ ನೆಲ ಅಗೆದಾಗ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಅದು ಹಿಟ್ಟೈಟ್ ಸಾಮ್ರಾಜ್ಯದ ರಾಜಧಾನಿ. ಅಲ್ಲಿ ಸಿಕ್ಕ ಒಂದು ಒಪ್ಪಂದಪತ್ರ ಕ್ರಿ.ಪೂ. 14ನೇ ಶತಮಾನದ್ದು. ಹಿಟ್ಟೈಟ್ ದೊರೆ ಮತ್ತು ಮಿತನ್ನಿ ದೊರೆ ಮಾಡಿಕೊಂಡ ಸಂಧಿ. ಮಾತು ತಪ್ಪಬಾರದು ಅಂತ ದೇವರುಗಳನ್ನು ಸಾಕ್ಷಿಗೆ ಕರೆದಿದ್ದಾರೆ. ಆ ಪಟ್ಟಿಯಲ್ಲಿ ಯಾರಿದ್ದಾರೆ ಗೊತ್ತಾ? ಮಿತ್ರ, ವರುಣ, ಇಂದ್ರ, ನಾಸತ್ಯರು. ನಾಸತ್ಯರು ಅಂದರೆ ನಮ್ಮ ಅಶ್ವಿನೀ ದೇವತೆಗಳು. ಅಂದರೆ ಇವತ್ತಿಗೆ 3300 ವರ್ಷಗಳ ಹಿಂದೆ, ಇಬ್ಬರು ರಾಜರು ಇಂದ್ರನ ಹೆಸರಲ್ಲಿ ಆಣೆ ಇಟ್ಟಿದ್ದಾರೆ.

ಅಂಥ ದೇವರಿಗೆ ಇವತ್ತು ಒಂದು ಗುಡಿ ಇಲ್ಲ. ಏನಾಯ್ತು?

ಮೊದಲು ಒಂದು ಗೊಂದಲ ಪರಿಹಾರ ಮಾಡಿಕೊಳ್ಳೋಣ. ಋಗ್ವೇದದ ಕಾಲದ ಆರಾಧನೆಯಲ್ಲಿ ಇವತ್ತಿನ ಅರ್ಥದ ಗುಡಿಗಳೇ ಕಾಣೋದಿಲ್ಲ. ಬಯಲಲ್ಲಿ ವೇದಿ ಕಟ್ಟೋದು, ಬೆಂಕಿ ಹೊತ್ತಿಸೋದು, ತುಪ್ಪ, ಧಾನ್ಯ, ಸೋಮರಸ ಅರ್ಪಿಸೋದು. ಯಜ್ಞ ಮುಗಿದರೆ ಜಾಗ ಖಾಲಿ. ಹಾಗಾಗಿ ಆಗ ಇಂದ್ರನಿಗೆ ಗುಡಿ ಇರಲಿಲ್ಲ ಅನ್ನೋದು ಆಶ್ಚರ್ಯ ಅಲ್ಲ. ಆಶ್ಚರ್ಯ ಏನಂದರೆ, ಮುಂದೆ ಗುಡಿ ಕಟ್ಟುವ ಕಾಲ ಬಂದಾಗ ಎಲ್ಲರಿಗೂ ಕಟ್ಟಿದರು, ರಾಜನನ್ನೇ ಬಿಟ್ಟರು.

ಆ ಕಾಲದ ಜನ ಇಂದ್ರನ ಹತ್ತಿರ ಕೇಳುತ್ತಿದ್ದದ್ದು ಏನು? ಮಳೆ ಕೊಡು, ದನಕರು ಕೊಡು, ಗಂಡು ಮಕ್ಕಳನ್ನು ಕೊಡು, ಯುದ್ಧದಲ್ಲಿ ಗೆಲುವು ಕೊಡು, ನೂರು ವರ್ಷ ಆಯಸ್ಸು ಕೊಡು. ಇಂದ್ರನ ದೊಡ್ಡ ಸಾಹಸವೇ ನೀರಿನದ್ದು. ನೀರನ್ನು ಅಡ್ಡಗಟ್ಟಿ ಮಲಗಿದ್ದ ವೃತ್ರನನ್ನು ವಜ್ರದಿಂದ ಸೀಳಿ ನದಿಗಳನ್ನು ಬಿಡಿಸಿದವನು ಅವನು. ಬರಗಾಲ ಕಂಡ ನಮ್ಮ ಬಯಲುಸೀಮೆಯ ರೈತನಿಗೆ ಈ ಕಥೆಯ ತೂಕ ಏನು ಅಂತ ವಿವರಿಸಬೇಕಾಗಿಲ್ಲ. ಸತ್ತ ಮೇಲೆ? ಪಿತೃಗಳ ಲೋಕ, ಸ್ವರ್ಗ. ಒಳ್ಳೆಯ ಯಜ್ಞ ಮಾಡಿದವನಿಗೆ ಒಳ್ಳೆಯ ಜಾಗ. ಲೆಕ್ಕ ಸರಳವಾಗಿತ್ತು.

ಆಮೇಲೆ ಯಾರೋ ಒಂದು ಪ್ರಶ್ನೆ ಕೇಳಿದರು. ಸ್ವರ್ಗಕ್ಕೆ ಹೋದ ಮೇಲೆ ಏನು?

ಇಲ್ಲಿಂದ ಕಥೆ ತಿರುಗುತ್ತೆ. ಕ್ರಿಸ್ತಪೂರ್ವದ ಆರೇಳು ಶತಮಾನಗಳ ಆಸುಪಾಸಿನಲ್ಲಿ ಹಳೆಯ ಉಪನಿಷತ್ತುಗಳು ರೂಪುಗೊಳ್ಳುತ್ತವೆ. ಅದೇ ಕಾಲದ ಹಿಂದುಮುಂದೆ ಬುದ್ಧ, ಮಹಾವೀರ ಬರ್ತಾರೆ. ಎಲ್ಲರ ಮುಂದೆಯೂ ಇದ್ದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಪುಣ್ಯ ಅನ್ನೋದು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ, ಖರ್ಚು ಮಾಡಿದರೆ ಮುಗಿಯುತ್ತೆ. ಮುಗಿದ ಮೇಲೆ ಮತ್ತೆ ಹುಟ್ಟಬೇಕು, ಮತ್ತೆ ಸಾಯಬೇಕು. ಮಾಡಿದ್ದುಣ್ಣೋ ಮಹರಾಯ ಅಂತ ನಾವು ಹೇಳ್ತೀವಲ್ಲ, ಅದು ಒಂದು ಜನ್ಮಕ್ಕೆ ಮುಗಿಯುವ ಊಟ ಅಲ್ಲ. ಇದೇ ಕರ್ಮ, ಇದೇ ಪುನರ್ಜನ್ಮ. ಈ ಚಕ್ರದಿಂದ ಹೊರಗೆ ಬರೋದು ಮೋಕ್ಷ. ಹಿಂದೂ ನಂಬಿಕೆಯ ನಡುಗಂಬ ಅಂತ ಇವತ್ತು ನಾವು ಯಾವುದನ್ನು ಹೇಳ್ತೀವೋ ಅದೆಲ್ಲ ಗಟ್ಟಿಯಾಗಿ ನಿಂತದ್ದು ಈ ಘಟ್ಟದಲ್ಲಿ.

ಈಗ ಇಂದ್ರನ ಸ್ಥಿತಿ ನೋಡಿ. ಅವನ ಹತ್ತಿರ ಕೊಡೋಕೆ ಇದ್ದದ್ದು ಸ್ವರ್ಗ. ಜನ ಕೇಳ್ತಾ ಇರೋದು ಮೋಕ್ಷ. ಅಂಗಡಿಯಲ್ಲಿ ಇರುವ ಸಾಮಾನೇ ಬೇರೆ, ಗಿರಾಕಿ ಕೇಳುವ ಸಾಮಾನೇ ಬೇರೆ.

ಉಪನಿಷತ್ತುಗಳೇ ಇದನ್ನು ಕಥೆ ಮಾಡಿ ಹೇಳಿವೆ. ಕೇನೋಪನಿಷತ್ತಿನಲ್ಲಿ ದೇವತೆಗಳು ಒಂದು ಯುದ್ಧ ಗೆದ್ದು 'ಇದು ನಮ್ಮದೇ ಸಾಮರ್ಥ್ಯ' ಅಂತ ಬೀಗುತ್ತಾರೆ. ಎದುರಿಗೆ ಒಂದು ಯಕ್ಷ ನಿಲ್ಲುತ್ತೆ, ಒಂದು ಹುಲ್ಲುಕಡ್ಡಿ ಇಡುತ್ತೆ. ಅಗ್ನಿಗೆ ಅದನ್ನು ಸುಡೋಕೆ ಆಗೋದಿಲ್ಲ. ವಾಯುವಿಗೆ ಹಾರಿಸೋಕೆ ಆಗೋದಿಲ್ಲ. ಇಂದ್ರ ಹೋದಾಗ ಯಕ್ಷವೇ ಮಾಯ. ಆ ಜಾಗದಲ್ಲಿ ನಿಂತವಳು ಉಮಾ ಹೈಮವತಿ. 'ನೀವು ನೋಡಿದ್ದು ಬ್ರಹ್ಮ, ಗೆಲುವು ಅದರದ್ದು' ಅಂತ ಇಂದ್ರನಿಗೆ ಪಾಠ ಹೇಳಿದವಳು ಅವಳು. ದೇವರಾಜನಿಗೆ ಒಬ್ಬ ಹೆಣ್ಣು ದೇವತೆ ಗುರು.

ಛಾಂದೋಗ್ಯದಲ್ಲಿ ಇಂದ್ರ ವಿದ್ಯಾರ್ಥಿ. ಆತ್ಮ ಅಂದರೇನು ಅಂತ ಕಲಿಯೋಕೆ ಪ್ರಜಾಪತಿಯ ಹತ್ತಿರ ಹೋಗ್ತಾನೆ. ಅಸುರರ ಕಡೆಯಿಂದ ವಿರೋಚನನೂ ಬರ್ತಾನೆ. 32 ವರ್ಷ ಕಳೆದ ಮೇಲೆ ಸಿಕ್ಕ ಮೊದಲ ಉತ್ತರಕ್ಕೇ ವಿರೋಚನ ತೃಪ್ತನಾಗಿ ಮನೆಗೆ ಹೋಗಿಬಿಡ್ತಾನೆ. ಇಂದ್ರ ಅರ್ಧ ದಾರಿಯಲ್ಲಿ ಅನುಮಾನ ಬಂದು ವಾಪಸ್ ಬರ್ತಾನೆ. ಮತ್ತೆ 32, ಮತ್ತೆ 32, ಕೊನೆಗೆ 5. ಒಟ್ಟು 101 ವರ್ಷದ ಕೋರ್ಸು. ಇಲ್ಲಿ ಇಂದ್ರನಿಗೆ ಅವಮಾನ ಇಲ್ಲ, ಗೌರವವೇ ಇದೆ. ಆದರೆ ಗಮನಿಸಿ, ಅವನು ಈಗ ಉತ್ತರ ಕೊಡುವವನಲ್ಲ, ಉತ್ತರ ಹುಡುಕುವವನು. ಹುಡುಕುವವನು ನಮಗೆ ಗೆಳೆಯನಾಗಬಹುದು. ಮೊರೆ ಹೋಗೋಕೆ ದೇವರಾಗೋದು ಕಷ್ಟ.

ಇದೇ ಕಾಲದ್ದು ಇನ್ನೊಂದು ಪ್ರಸಂಗ. ವಾಟ್ಸ್ಆ್ಯಪ್‌ನಲ್ಲಿ ಮೂವತ್ಮೂರು ಕೋಟಿ ದೇವತೆಗಳ ಬಗ್ಗೆ ಮೆಸೇಜ್ ಬರುತ್ತಲ್ಲ, ಆ ಲೆಕ್ಕದ ಮೂಲ ಇಲ್ಲಿಗೆ ಹತ್ತಿರ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ನೇರವಾಗಿ ಕೇಳ್ತಾನೆ: ದೇವರು ಎಷ್ಟು? ಯಾಜ್ಞವಲ್ಕ್ಯ 3306 ಅಂತಾನೆ. ಸರಿ, ನಿಜವಾಗಿ ಎಷ್ಟು? 33. ಇನ್ನೊಮ್ಮೆ ಹೇಳು? 6. ಇನ್ನೊಮ್ಮೆ? 3. ಆಮೇಲೆ 2, ಆಮೇಲೆ ಒಂದೂವರೆ, ಕೊನೆಗೆ ಒಂದು. ಆ 33 ಯಾರು ಅಂದರೆ ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಜೊತೆಗೆ ಇಂದ್ರ ಮತ್ತು ಪ್ರಜಾಪತಿ. ಇಂದ್ರ ಪಟ್ಟಿಯಲ್ಲಿದ್ದಾನೆ. ಆದರೆ ಪಟ್ಟಿ ಕರಗುತ್ತಾ ಕರಗುತ್ತಾ ಒಂದಕ್ಕೆ ಬಂದಾಗ ಉಳಿದದ್ದು ಇಂದ್ರ ಅಲ್ಲ. ಅದನ್ನು ಅವರು ಪ್ರಾಣ ಅಂದರು, ಬ್ರಹ್ಮ ಅಂದರು. ಎಷ್ಟೇ ದೇವರಿದ್ದರೂ ಒಳಗಿರೋದು ಒಂದೇ ಅನ್ನುವ ನಮ್ಮ ಅಜ್ಜ ಅಜ್ಜಿಯರ ಮಾತಿನ ಹಿಂದೆ ಈ ಹಳೆಯ ಲೆಕ್ಕ ಇದೆ.

ಪುರಾಣಗಳು ಬರುವ ಹೊತ್ತಿಗೆ 'ಇಂದ್ರ' ಅನ್ನೋದು ಒಂದು ಕುರ್ಚಿಯ ಹೆಸರಾಗಿತ್ತು. ನೂರು ಅಶ್ವಮೇಧ ಮಾಡಿದವನಿಗೆ ಸಿಗುವ ಪದವಿ. ಒಂದೊಂದು ಮನ್ವಂತರಕ್ಕೆ ಒಬ್ಬೊಬ್ಬ ಇಂದ್ರ. ಈಗಿನ ಇಂದ್ರನ ಹೆಸರು ಪುರಂದರ. ಬ್ರಹ್ಮವೈವರ್ತ ಪುರಾಣದಲ್ಲಿ ಒಂದು ಕಥೆ ಇದೆ. ಇಂದ್ರ ಅರಮನೆ ಕಟ್ಟಿಸ್ತಾ ಇರ್ತಾನೆ, ಎಷ್ಟು ಕಟ್ಟಿದರೂ ಸಮಾಧಾನ ಇಲ್ಲ, ವಿಶ್ವಕರ್ಮನಿಗೆ ಸುಸ್ತು. ಆಗ ವಿಷ್ಣು ಒಬ್ಬ ಪುಟ್ಟ ಹುಡುಗನ ವೇಷದಲ್ಲಿ ಬರ್ತಾನೆ. ನೆಲದ ಮೇಲೆ ಸಾಲಾಗಿ ಹೋಗ್ತಿರುವ ಇರುವೆಗಳನ್ನು ನೋಡಿ ನಗ್ತಾನೆ. ಯಾಕೆ ಅಂತ ಕೇಳಿದರೆ, ಈ ಒಂದೊಂದು ಇರುವೆಯೂ ಒಂದು ಕಾಲದಲ್ಲಿ ಇಂದ್ರನಾಗಿತ್ತು ಅಂತ ಹೇಳ್ತಾನೆ.

ಕುರ್ಚಿಯ ಮೇಲೆ ಕೂತವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಯಾವ ದೇಶದ ಸಾಹಿತ್ಯದಲ್ಲಿ ಇದೆಯೋ ನನಗಂತೂ ಕಂಡಿಲ್ಲ. ಮತ್ತು ಕುರ್ಚಿಗೆ ಅಂಟಿಕೊಂಡವನ ಲಕ್ಷಣ ಎಲ್ಲ ಪುರಾಣದ ಇಂದ್ರನಲ್ಲಿ ಇವೆ. ಯಾರಾದರೂ ತಪಸ್ಸಿಗೆ ಕೂತರೆ ಭಯ, ತಕ್ಷಣ ಅಪ್ಸರೆಯನ್ನು ಕಳಿಸೋದು. ಯಾರಾದರೂ ಯಜ್ಞ ಮಾಡಿದರೆ ಕುದುರೆ ಕದಿಯೋದು. ಅಹಲ್ಯೆಯ ವಿಷಯದಲ್ಲಿ ಗೌತಮರ ಶಾಪ. ದೇವರು ಅಂದ ಮೇಲೆ ಶಕ್ತಿ ಇದ್ದರೆ ಸಾಲದು, ನಡತೆಯೂ ಬೇಕು ಅಂತ ಜನ ಅಳೆಯೋಕೆ ಶುರು ಮಾಡಿದ್ದರು. ಧರ್ಮ ಅನ್ನುವ ಅಳತೆಗೋಲು ದೇವರಿಗಿಂತ ಮೇಲೆ ಹೋಗಿತ್ತು.

ಇಷ್ಟು ಸಾಲದು ಅಂತ ಗೋವರ್ಧನ ಬೆಟ್ಟದ ಕಥೆ. ವೃಂದಾವನದ ಗೋಪಾಲಕರು ವರ್ಷ ವರ್ಷ ಇಂದ್ರನಿಗೆ ಪೂಜೆ ಮಾಡ್ತಾ ಇದ್ದರು. ಬಾಲಕ ಕೃಷ್ಣ ಕೇಳ್ತಾನೆ: ನಮಗೆ ಅನ್ನ ಕೊಡೋದು ಹಸು, ಹುಲ್ಲು ಕೊಡೋದು ಈ ಬೆಟ್ಟ, ಹಾಗಿದ್ದ ಮೇಲೆ ಕಾಣದ ಇಂದ್ರನಿಗೆ ಯಾಕೆ? ಪೂಜೆ ಬೆಟ್ಟಕ್ಕೆ ಹೋಯ್ತು. ಇಂದ್ರ ಸಿಟ್ಟಿಗೆದ್ದು ಏಳು ದಿನ ಮಳೆ ಸುರಿಸಿದ. ಕೃಷ್ಣ ಬೆಟ್ಟ ಎತ್ತಿ ಹಿಡಿದ. ಕೊನೆಗೆ ಇಂದ್ರನೇ ಬಂದು ತಲೆಬಾಗಿದ. ಒಂದು ಆರಾಧನೆಯಿಂದ ಇನ್ನೊಂದು ಆರಾಧನೆಗೆ ಜನ ದಾಟಿದ್ದರ ನೆನಪು ಈ ಕಥೆಯೊಳಗೆ ಇದೆ ಅಂತ ಹಲವು ವಿದ್ವಾಂಸರು ಓದ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಈ ಬೆಟ್ಟ ಎತ್ತಿದ ಕೃಷ್ಣ ಇದ್ದಾನೆ. ದೇವಾಲಯ ಶಿವನದ್ದು, ಗೋಡೆಯ ಕಥೆ ಕೃಷ್ಣನದ್ದು. ಈ ವಿಷಯಕ್ಕೆ ಮತ್ತೆ ಬರ್ತೀನಿ.

ಇದೆಲ್ಲ ಕಥೆ ಆಯ್ತು, ಪುರಾವೆ ಏನಿದೆ ಅಂತ ಕೇಳ್ತೀರಾ? ಕೇಳಲೇಬೇಕು. ಮಧ್ಯಪ್ರದೇಶದ ವಿದಿಶಾ ಪಕ್ಕ ಬೆಸ್‌ನಗರ ಅಂತ ಒಂದು ಜಾಗ. ಅಲ್ಲಿ ಒಂದು ಕಲ್ಲಿನ ಕಂಬ ನಿಂತಿದೆ. ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿನದ್ದು. ಅದನ್ನು ನಿಲ್ಲಿಸಿದವನು ಹೆಲಿಯೊಡೋರಸ್, ತಕ್ಷಶಿಲೆಯವನು, ಗ್ರೀಕ್ ದೊರೆ ಆಂಟಿಯಾಲ್ಕಿಡಾಸ್‌ನ ರಾಯಭಾರಿ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಅವನು ತನ್ನನ್ನು ಭಾಗವತ ಅಂತ ಕರೆದುಕೊಂಡಿದ್ದಾನೆ. ದೇವರದೇವ ವಾಸುದೇವನಿಗೆ ಈ ಗರುಡಗಂಬ ಅಂತ ಬರೆಸಿದ್ದಾನೆ. ಗ್ರೀಕನೊಬ್ಬ ಕೈಮುಗಿಯೋಕೆ ಬಂದಾಗ ಅವನಿಗೆ ಎದುರಾದ 'ದೇವರದೇವ' ಇಂದ್ರ ಅಲ್ಲ, ವಾಸುದೇವ. ಪಟ್ಟ ಕೈ ಬದಲಾಗಿತ್ತು.

ಶಿವನ ಕಡೆ ನೋಡಿ. ಕುಷಾಣ ದೊರೆಗಳ ನಾಣ್ಯಗಳ ಮೇಲೆ ಎತ್ತಿನ ಜೊತೆ ತ್ರಿಶೂಲಧಾರಿ ನಿಂತಿದ್ದಾನೆ. ವೇದದಲ್ಲಿ ಜನ ಹೆದರುತ್ತಿದ್ದ, ದೂರ ಇರಪ್ಪಾ ಅಂತ ಬೇಡಿಕೊಳ್ಳುತ್ತಿದ್ದ ರುದ್ರ, ಈಗ ನಾಣ್ಯದ ಮೇಲೆ ಬಂದ. ಯಜುರ್ವೇದದ ಶತರುದ್ರೀಯವನ್ನು ಇವತ್ತಿಗೂ ರುದ್ರಾಭಿಷೇಕದಲ್ಲಿ ಹೇಳ್ತಾರೆ. ಭಯದ ದೇವರು ಭಕ್ತಿಯ ದೇವರಾದ ದಾರಿ ಅದು.

ದೇವಿಯ ಕಥೆಯಂತೂ ಇಂದ್ರನಿಗೆ ಇನ್ನೂ ಮುಜುಗರದ್ದು. ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯದಲ್ಲಿ ಮಹಿಷಾಸುರ ದೇವತೆಗಳನ್ನು ಸೋಲಿಸಿ ತಾನೇ ಇಂದ್ರ ಪದವಿಯಲ್ಲಿ ಕೂತುಬಿಡ್ತಾನೆ. ಎಲ್ಲ ದೇವತೆಗಳ ತೇಜಸ್ಸು ಒಂದಾಗಿ ದೇವಿ ಹುಟ್ಟಿ ಬರ್ತಾಳೆ. ಇಂದ್ರ ತನ್ನ ವಜ್ರದ ಅಂಶ ಅವಳ ಕೈಗೆ ಕೊಡ್ತಾನೆ. ಮಹಿಷನನ್ನು ಕೊಂದವಳು ಅವಳು. ಕುರ್ಚಿ ವಾಪಸ್ ಸಿಕ್ಕಿದ್ದು ಇಂದ್ರನಿಗೆ. ನಾವು ಮೈಸೂರಿನಲ್ಲಿ ಹಬ್ಬ ಮಾಡೋದು ಯಾರಿಗೆ? ಚಾಮುಂಡಿಗೆ.

ಬಲಿ ಚಕ್ರವರ್ತಿಯ ವಿಷಯದಲ್ಲೂ ಹೀಗೇ. ಇಂದ್ರನ ರಾಜ್ಯ ಉಳಿಸೋಕೆ ವಾಮನ ಬಂದ, ಬಲಿಯನ್ನು ಪಾತಾಳಕ್ಕೆ ಕಳಿಸಿದ. ಬಾದಾಮಿಯ ಮೂರನೇ ಗುಹೆಯಲ್ಲಿ ಆ ತ್ರಿವಿಕ್ರಮನನ್ನು ನೋಡಿ, ಕಾಲೆತ್ತಿ ಆಕಾಶ ಅಳೀತಾ ನಿಂತಿದ್ದಾನೆ. ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ ಗುಹೆ ಅದು. ಶಿಲ್ಪ ವಿಷ್ಣುವಿಗೆ. ಇನ್ನು ಸೋತ ಬಲಿಗೆ? ದೀಪಾವಳಿಯಲ್ಲಿ ಬಲಿಪಾಡ್ಯಮಿ. ಕರಾವಳಿ, ಮಲೆನಾಡಿನಲ್ಲಿ ಗದ್ದೆಯ ಅಂಚಿನಲ್ಲಿ ದೀಪ ಇಟ್ಟು ಕೂಗಿ ಕರೆಯುವ ಹೆಸರು 'ಬಲೀಂದ್ರ'. ಗೆದ್ದ ಪಕ್ಷದ ರಾಜನಿಗೆ ಒಂದು ದೀಪ ಇಲ್ಲ, ಸೋತವನನ್ನು ವರ್ಷಕ್ಕೊಮ್ಮೆ ಮನೆಗೆ ಕರೀತೀವಿ. ಕೊಟ್ಟ ಮಾತಿಗೆ ನಿಂತವನು ಅಂತ. ಪುರಾಣದ ಪ್ರಕಾರ ಮುಂದಿನ ಮನ್ವಂತರದ ಇಂದ್ರ ಕೂಡ ಈ ಬಲಿಯೇ. ನಮ್ಮ ಜನ ಮುಂಚಿತವಾಗಿಯೇ ಪಟ್ಟ ಕಟ್ಟಿದ್ದಾರೆ.

ಮಳೆ ಖಾತೆಯಾದರೂ ಉಳೀತಾ? ಅದೂ ಇಲ್ಲ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಮಳೆ ಬೇಕಾದರೂ, ಅತಿಯಾದ ಮಳೆ ನಿಲ್ಲಬೇಕಾದರೂ ಜನ ಋಷ್ಯಶೃಂಗೇಶ್ವರನ ಮೊರೆ ಹೋಗ್ತಾರೆ. 2019ರಲ್ಲಿ ನಮ್ಮ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಮಳೆಗಾಗಿ ಹೋಮ ಮಾಡಿ ಅಂತ ಸುತ್ತೋಲೆ ಹೊರಡಿಸಿದಾಗ ಅದರ ಹೆಸರು ಪರ್ಜನ್ಯ ಹೋಮ. ಉತ್ತರ ಕರ್ನಾಟಕದಲ್ಲಿ ಮಳೆ ಬೆಳೆಗೆ ಜೋಕುಮಾರಸ್ವಾಮಿ ಇದ್ದಾನೆ. ಇಷ್ಟೇ ಅಲ್ಲ, ಸಂಸ್ಕೃತದ ಇಂದ್ರಧನುಸ್ಸು ಕನ್ನಡಕ್ಕೆ ಬಂದಾಗ ಕಾಮನಬಿಲ್ಲು. ಬಿಲ್ಲನ್ನೂ ಮನ್ಮಥನಿಗೆ ಕೊಟ್ಟುಬಿಟ್ಟೆವು.

ಹಾಗಾದರೆ ಇಂದ್ರನನ್ನು ಹೊರಗೆ ಹಾಕಿದರಾ? ಇಲ್ಲ. ನಮ್ಮ ಪರಂಪರೆಯ ಸ್ವಭಾವ ಗೊತ್ತಾಗೋದೇ ಇಲ್ಲಿ.

ಯಾವುದಾದರೂ ಹೊಯ್ಸಳ ದೇವಾಲಯಕ್ಕೆ ಹೋದರೆ ತಲೆ ಎತ್ತಿ ಛಾವಣಿ ನೋಡಿ. ಹಲವು ಕಡೆ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಪೂರ್ವಕ್ಕೆ ಐರಾವತ ಏರಿದ ಇಂದ್ರ. ಗರ್ಭಗುಡಿ ತಪ್ಪಿತು, ಛಾವಣಿಯಲ್ಲಿ ಜಾಗ ಸಿಕ್ಕಿತು. ಮನೆ ಕಟ್ಟಿ ವಾಸ್ತುಪೂಜೆ ಮಾಡಿಸಿದರೆ ಪುರೋಹಿತರು ದಿಕ್ಪಾಲಕರನ್ನು ಕರೆಯುವಾಗ ಅವನ ಹೆಸರು ಬಂದೇ ಬರುತ್ತೆ. ನಮ್ಮ ಹೆಸರುಗಳನ್ನು ನೋಡಿ: ಮಹೇಂದ್ರ, ಸುರೇಂದ್ರ, ರಾಜೇಂದ್ರ. ಮಂತ್ರಾಲಯದ ರಾಯರ ಹೆಸರು ರಾಘವೇಂದ್ರ. ಶ್ರೇಷ್ಠ ಅಂತ ಹೇಳಬೇಕಾದಾಗಲೆಲ್ಲ ಅವನ ಹೆಸರೇ ಬೇಕು. ಕಣ್ಣು, ಕಿವಿ, ಮೂಗುಗಳಿಗೆ ನಾವು ಹೇಳುವ 'ಇಂದ್ರಿಯ' ಎಂಬ ಮಾತನ್ನೂ ಪಾಣಿನಿ ಇಂದ್ರನ ಹೆಸರಿನಿಂದಲೇ ಬಿಡಿಸಿದ್ದಾನೆ. ಗುಡಿಯಲ್ಲಿ ಇಲ್ಲದವನು ಭಾಷೆಯಲ್ಲಿ ಇದ್ದಾನೆ.

ನೆರೆಮನೆಗಳಲ್ಲಿ ಅವನ ಸ್ಥಿತಿ ಚೆನ್ನಾಗಿಯೇ ಇದೆ. ಕಾಠ್ಮಂಡುವಿನಲ್ಲಿ ಇವತ್ತಿಗೂ ಇಂದ್ರಜಾತ್ರೆ ನಡೆಯುತ್ತೆ. ಅಮ್ಮನಿಗೆ ಪಾರಿಜಾತ ಹೂವು ಕದಿಯೋಕೆ ಬಂದು ಊರವರ ಕೈಗೆ ಸಿಕ್ಕಿಬಿದ್ದ ಇಂದ್ರನ ನೆನಪಿಗೆ! ಬೌದ್ಧರು ಅವನನ್ನು ಶಕ್ರ ಅಂತ ಕರೆದು ಬುದ್ಧನ ಸೇವಕನಾಗಿ ಇಟ್ಟುಕೊಂಡರು. ಆ ದಾರಿಯಲ್ಲಿ ಅವನು ಜಪಾನಿಗೂ ಹೋದ. ಟೋಕಿಯೊ ನಗರದಲ್ಲಿ ಶಿಬಮಾಟ ತೈಶಕುತೆನ್ ಅನ್ನುವ ಬೌದ್ಧ ದೇವಾಲಯ ಇದೆ. 'ತೈಶಕುತೆನ್' ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಇಂದ್ರ. ಅವನಿಗೆ ಗುಡಿ ಬೇಕು ಅಂದರೆ ಅಲ್ಲಿಗೆ ವಿಮಾನ ಹತ್ತಬೇಕು.

ಈಗ ಆಗಲೇ ಬಿಟ್ಟ ಮಾತಿಗೆ ಬರ್ತೀನಿ. ಇಂದ್ರ ಕೆಳಗಿಳಿದ ಮೇಲೆ ಆ ಜಾಗಕ್ಕೆ ಒಬ್ಬರು ಬರಲಿಲ್ಲ, ಹಲವರು ಬಂದರು. ಶಿವ, ವಿಷ್ಣು, ದೇವಿ. ಜನ ತಮ್ಮ ತಮ್ಮ ಊರ ದೇವರನ್ನೂ ಕರೆತಂದರು. ಮೈಲಾರ ಶಿವನಾದ, ವಿಠ್ಠಲ ವಿಷ್ಣುವಾದ, ಎಲ್ಲಮ್ಮ ರೇಣುಕೆಯಾದಳು. ಆಗ ಹೊಸ ಜಗಳ. ಯಾರು ದೊಡ್ಡವರು? ಈ ಜಗಳ ಇರಲೇ ಇಲ್ಲ ಅಂತ ಹೇಳೋದು ಸುಳ್ಳು. ಒಂದು ಪಂಥದ ಪುರಾಣದಲ್ಲಿ ಇನ್ನೊಂದು ಪಂಥದ ದೇವರು ಸೋಲ್ತಾನೆ. ವಾದಗಳು ನಡೆದವು, ಮನಸ್ಸುಗಳು ಮುರಿದವು.

ಆದರೆ ಅದೇ ನೆಲದಲ್ಲಿ ಇನ್ನೊಂದು ಉತ್ತರವೂ ಹುಟ್ಟಿತು. ಬಾದಾಮಿಯ ಗುಹೆಯಲ್ಲಿ 6ನೇ ಶತಮಾನದಲ್ಲೇ ಅರ್ಧ ಶಿವ, ಅರ್ಧ ವಿಷ್ಣು ಒಂದೇ ಮೈಯಲ್ಲಿ ನಿಂತಿದ್ದಾರೆ. ಪಕ್ಕದಲ್ಲೇ ಅರ್ಧನಾರೀಶ್ವರ, ಅರ್ಧ ಗಂಡು ಅರ್ಧ ಹೆಣ್ಣು. ದಾವಣಗೆರೆ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹರಿಹರಕ್ಕೆ ಹೋಗಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇವಾಲಯ. ಗರ್ಭಗುಡಿಯಲ್ಲಿ ಒಂದು ಕಡೆ ಹರ, ಇನ್ನೊಂದು ಕಡೆ ಹರಿ. ಅರ್ಚಕರು ಆರತಿ ಎತ್ತಿದರೆ ಯಾರಿಗೆ ಮೊದಲು ಅನ್ನುವ ಪ್ರಶ್ನೆಯೇ ಬರೋದಿಲ್ಲ. ಆ ಊರಿಗೆ ಹೆಸರೂ ಅದೇ ದೇವರದ್ದು. ದಿನಾ ಎಷ್ಟೋ ಜನ ಬಸ್ ಟಿಕೆಟ್ ತಗೊಳ್ಳುವಾಗ ಆ ಹೆಸರು ಹೇಳ್ತಾರೆ.

ಜಗಳವನ್ನು ಗೆದ್ದು ಮುಗಿಸಬಹುದು, ಒಬ್ಬರನ್ನು ಅಳಿಸಿ ಮುಗಿಸಬಹುದು. ಇವರು ಎರಡನ್ನೂ ಮಾಡಲಿಲ್ಲ, ಎರಡನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿದರು. ಇಷ್ಟದೇವತೆ ಅನ್ನುವ ಮಾತಿನ ಅರ್ಥವೂ ಇದೇ. ನಿನಗೆ ಯಾರು ಇಷ್ಟವೋ ಅವರನ್ನು ಹಿಡಿ, ಪಕ್ಕದವನ ದೇವರನ್ನು ಬೈಯಬೇಡ.

ಈಗ ಆ ಎರಡು ಗುಂಪಿಗೆ ಉತ್ತರ. 'ಏನೂ ಬದಲಾಗಿಲ್ಲ' ಅನ್ನುವವರೇ, ಋಗ್ವೇದದ ಕಾಲು ಭಾಗವನ್ನು ತುಂಬಿದ ದೇವರಿಗೆ ಇವತ್ತು ನಿಮ್ಮೂರಲ್ಲಿ ಗುಡಿ ಇಲ್ಲ. ಅದನ್ನು ಬದಲಾಯಿಸಿದವರು ಹೊರಗಿನಿಂದ ಬಂದವರಲ್ಲ. ಉಪನಿಷತ್ತಿನ ಋಷಿಗಳು, ಪುರಾಣ ಹೇಳಿದವರು, ಹಸು ಮೇಯಿಸಿದವರು, ಹಾಡಿ ಕುಣಿದ ಭಕ್ತರು, ನಮ್ಮ ನಿಮ್ಮಂಥವರೇ. 'ಹಳೆಯದಕ್ಕೂ ಇದಕ್ಕೂ ಸಂಬಂಧ ಇಲ್ಲ' ಅನ್ನುವವರೇ, ಆ ಮಣ್ಣಿನ ಫಲಕದ ಮೇಲೆ 3300 ವರ್ಷದ ಹಿಂದೆ ಬರೆದ ಹೆಸರನ್ನು ನಿಮ್ಮ ಪಕ್ಕದ ಮನೆಯ ರಾಜೇಂದ್ರ ಇವತ್ತಿಗೂ ಹೊತ್ತು ತಿರುಗ್ತಾ ಇದ್ದಾನೆ.

ಇಂದ್ರನನ್ನು ಯಾವ ಅಸುರನೂ ಶಾಶ್ವತವಾಗಿ ಸೋಲಿಸಲಿಲ್ಲ. ಜನ ಕೇಳುವ ಪ್ರಶ್ನೆ ಬದಲಾಯಿತು, ಅಷ್ಟೇ. ಮಳೆ, ದನ, ಗೆಲುವು ಕೇಳುವಾಗ ಅವನು ದೇವರಾಜ. ನ್ಯಾಯ ಯಾವುದು, ಸಾವಿನ ಆಚೆ ಏನು, ನನ್ನ ಕಷ್ಟ ಕೇಳುವವರು ಯಾರು ಅಂತ ಕೇಳೋಕೆ ಶುರು ಮಾಡಿದಾಗ ಅವನ ಹತ್ತಿರ ಉತ್ತರ ಇರಲಿಲ್ಲ. ಈ ಧರ್ಮವನ್ನು ಉಳಿಸಬೇಕು ಅಂತ ನಿಜವಾಗಿ ಕಾಳಜಿ ಇರುವವರು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸೋಕೆ ಹೋಗಬಾರದು. ಯಾಕಂದರೆ ಇದು ಇಷ್ಟು ದೂರ ಬಂದಿರೋದು ಆ ಪ್ರಶ್ನೆಗಳ ಮೇಲೇ ನಡೆದು.

ಮುಂದಿನ ಸಲ ಹಳೆಯ ದೇವಸ್ಥಾನಕ್ಕೆ ಹೋದಾಗ ಗರ್ಭಗುಡಿಗೆ ಕೈಮುಗಿದ ಮೇಲೆ ಒಂದು ಸಲ ತಲೆ ಎತ್ತಿ ಛಾವಣಿ ನೋಡಿ. ಪೂರ್ವ ದಿಕ್ಕಿನಲ್ಲಿ ಆನೆ ಮೇಲೆ ಕೂತಿರುತ್ತಾನೆ. ಅಲ್ಲಿಗೂ ಒಂದು ನಮಸ್ಕಾರ ಹಾಕಿ ಬನ್ನಿ.